ಕದಿರಪ್ಪನ ಎಡೆಗೆ ಟೀ ಬಿಸ್ಕತ್ತು

ನನ್ನ ಗಂಡನ ಹೆಸರು ಜಯರಾಮಪ್ಪ. ಬದುಕಿದ್ದಾಗ ಒಂದು ದಿನವೂ ನಾನು ಹೆಸರು ಹಿಡಿದು ಕರೆದವಳಲ್ಲ. ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ. ತಪ್ಪಾದರೆ ಬಂದು ಬೈಯಲಿ, ಸಂತೋಷವೇ.

ಅವರು ಹಾಲು ಮಾರುತ್ತಿದ್ದರು. ಬೇತಮಂಗಲದ ಹತ್ತಿರದ ನಮ್ಮೂರಿಂದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋಗುವರು, ಅಲ್ಲಿಂದ ಕೋರಮಂಡಲಿನ ಗಣಿ ಕೆಲಸಗಾರರ ಲೈನ್ ಮನೆಗಳಿಗೆ. ಪೇಟೆಯವರ ಜೊತೆ ಕನ್ನಡ, ಲೈನಿನವರ ಜೊತೆ ತಮಿಳು. ತೆಲುಗು ನಮ್ಮ ಎಮ್ಮೆಯ ಜೊತೆ.

ಅವರ ಅಪ್ಪ ಕದಿರಪ್ಪ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದವರು ವಾಪಸ್ಸು ಬರಲಿಲ್ಲ. ಆಗ ಇವರಿನ್ನೂ ಹೊಟ್ಟೆಯಲ್ಲಿದ್ದರು. ಸತ್ತ ಸುದ್ದಿ ಬಂತು, ಅಷ್ಟೇ. ಅಲ್ಲಿ ಏನು ಮಾಡುತ್ತಿದ್ದರು, ಹೇಗೆ ಹೋದರು ಎಂದು ಯಾರೂ ಹೇಳಲಿಲ್ಲ. ಮಾವನ ಕಡೆಯವರೆಲ್ಲ ಪ್ಲೇಗಿನಲ್ಲೇ ಮುಗಿದಿದ್ದರು. ಮನೆಅಳಿಯನಾಗಿ ಬಂದ ಒಂಟಿ ಜೀವ. ನಮ್ಮತ್ತೆ ಅಕ್ಕಯ್ಯಮ್ಮ ಅವರ ಜೊತೆ ಬಾಳಿದ್ದು ಬಿತ್ತನೆಯಿಂದ ಸುಗ್ಗಿಯವರೆಗೆ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ, ಬಂದು ಉಂಡು ಹೋಗಲಿ ಅಂತ. ಆಮೇಲೆ ನಾವು ಉಣ್ಣುವುದು. ಮಾವನಿಗೆ ಏನು ಇಷ್ಟ ಎಂದು ಅತ್ತೆಗೆ ಗೊತ್ತಿರಲಿಲ್ಲ. ಮಾವ ಮನೆಯಲ್ಲಿದ್ದಾಗ ಅವರಿಗೆ ಬಡಿಸುತ್ತಿದ್ದವರು ಅತ್ತೆಯ ಅಮ್ಮ. ಹಾಗಾಗಿ ಅತ್ತೆಯ ತಮ್ಮ ಚಿಕ್ಕಮುನಿಯಪ್ಪ ತೀರ್ಮಾನ ಮಾಡಿದ್ದ.

"ಮಿಲಿಟ್ರಿಯೋರು ಅಂದ್ಮೇಲೆ ಬಾಡು, ರಮ್ಮು. ಇನ್ನೇನ್ ತಿಂತಾರೆ?"

ಬಂಗಾರಪೇಟೆಯಿಂದ ಬಾಟ್ಲಿ ತರುವವನು ಅವನೇ, ಬಾಗಿಲು ತೆಗೆದ ಮೇಲೆ ಕುಡಿಯುವವನೂ ಅವನೇ. ತಾನು ಭಾವನ ತೊಡೆ ಮೇಲೆ ಕೂತಿದ್ದೆ, ಬಾಯಿಂದ ಬರುತ್ತಿದ್ದ ವಾಸನೆ ಈಗಲೂ ನೆನಪಿದೆ ಅನ್ನುವನು. ಭಾವ ಊರು ಬಿಟ್ಟಾಗ ಅವನು ತೊಟ್ಟಿಲಲ್ಲಿದ್ದ.

ಎಂಬತ್ತೈದನೇ ಇಸವಿಯಲ್ಲಿ ಅತ್ತೆಗೆ ಕಾಯಿಲೆ ಜೋರಾಯಿತು. ಮಗನನ್ನು ಕರೆದರು.

"ಲೇ ಜಯರಾಮ, ನಾನೂ ಅಲ್ಲಿಗೆ ಓದ್ರೆ ನಿಮ್ಮಪ್ಪ ಕೇಳ್ತಾನೆ, ಇಷ್ಟೊರ್ಷ ಏನೇನೋ ಇಕ್ಕಿದ್ಯಲ್ಲೇ ಅಂತ. ಅವನಿಗೇನಿಷ್ಟ ತಿಳ್ಕಂಬಾರ್ಲಾ. ಒಂದ್ಸಲಾನಾದ್ರೂ ಸರ್ಯಾಗಿ ಇಕ್ತೀನಿ."

ಅವತ್ತಿಂದ ಇವರು ಹಾಲು ಹಾಕುವ ಮನೆಗಳಲ್ಲೆಲ್ಲ ಕೇಳತೊಡಗಿದರು. ಬರ್ಮಾಕ್ಕೆ ಹೋಗಿದ್ದವರು ಯಾರಾದರೂ ಇದ್ದಾರಾ, ಕದಿರಪ್ಪ ಅಂತ ಗೊತ್ತಾ. ಕೇಳಿ ಸುಮ್ಮನಾಗಿದ್ದರೆ ಸರಿಹೋಗುತ್ತಿತ್ತು. ಮಿಲಿಟ್ರಿ ಮುದುಕರ ಮೇಲೆ ಗೌರವ ಬಂದು ಅಂಥವರ ಪಾತ್ರೆಗೆ ಕೊಸರು ಹಾಕಿದರು, ಅಳತೆಯ ಮೇಲೆ ಇನ್ನೊಂದಿಷ್ಟು, ಬಿಟ್ಟಿ.

ಸುದ್ದಿ ಹಬ್ಬಿತು. ತಿಂಗಳೊಳಗೆ ಲೈನಿನ ಮುದುಕರೆಲ್ಲ ಬರ್ಮಾಕ್ಕೆ ಹೋಗಿಬಂದಿದ್ದರು. ಗಣಿ ಬಿಟ್ಟು ಬೇರೆ ಕಡೆ ಕಾಲಿಡದವರೂ ಬಂದೂಕು ಹಿಡಿದಿದ್ದರು. ಪೇಟೆಯ ದರ್ಜಿ ಅಶ್ವತ್ಥಪ್ಪ ಟ್ಯಾಂಕು ಓಡಿಸಿದ್ದನಂತೆ. ಯುದ್ಧದ ಕಾಲಕ್ಕೆ ಅವನು ಚಡ್ಡಿ ಹಾಕುವುದನ್ನೂ ಕಲಿತಿರಲಿಲ್ಲ. ಮಾರಿಯಮ್ಮ ಎಂಬಾಕೆ ತನ್ನ ಗಂಡನೂ ಹೋದವನು ಬರಲೇ ಇಲ್ಲ ಎಂದು ಅತ್ತು ಪಾತ್ರೆ ಒಡ್ಡಿದಳು. ಅವನು ಹೋಗಿದ್ದು ಮಾರಿಕುಪ್ಪಕ್ಕೆ, ಇನ್ನೊಬ್ಬಳ ಮನೆಗೆ. ದಿನಾ ಇವಳ ಬಾಗಿಲ ಮುಂದೆಯೇ ಸೈಕಲ್ಲಲ್ಲಿ ಓಡಾಡುತ್ತಿದ್ದ.

ಎಲ್ಲರೂ ಕದಿರಪ್ಪನನ್ನು ಬಲ್ಲವರೇ. ಎಲ್ಲರ ಕದಿರಪ್ಪನೂ ಹುಲಿ. ಅರ್ಧ ಕುರಿ ತಿಂದು, ಬಾಟ್ಲಿ ಎತ್ತಿ, ಜಪಾನಿನವರ ಮೇಲೆ ಬೀಳುವವನು. ಇವರು ಬಂದು ಅಮ್ಮನಿಗೆ ಒಪ್ಪಿಸುವರು. ಚಿಕ್ಕಮುನಿಯಪ್ಪ ಮೀಸೆ ತಿರುವುವನು.

"ನಾನೇಳ್ಲಿಲ್ವಾ?"

ನನಗೆ ರೇಗಿತು. "ನಿಮ್ಮ ಯುದ್ಧಕ್ಕೆ ನನ್ನೆಮ್ಮೆ ಸಾಯ್ತದೆ. ಜಪಾನ್ನೋರೇ ವಾಸಿ, ಹಾಲು ಕೇಳ್ಕಂಡ್ ಬರ್ಲಿಲ್ಲ."

"ಎಮ್ಮೇನೂ ಒಂದಿಷ್ಟು ದೇಶಸೇವೆ ಮಾಡ್ಲಿ ಬಿಡು," ಅಂದರು ಇವರು.

ಒಂದು ಸಂಜೆ ಅತ್ತೆ ತಮ್ಮನನ್ನು ಎಲೆಅಡಿಕೆಗೆ ಅಂಗಡಿಗೆ ಕಳಿಸಿ ನಮ್ಮಿಬ್ಬರನ್ನು ಹತ್ತಿರ ಕರೆದರು.

"ಇವರ್ಯಾರೂ ಅವನ್ನ ಕಂಡಿಲ್ಲ ಕಣ್ಲಾ. ಕಂಡಿದ್ರೆ ಕೈ ಮಾತೆತ್ತೋರು. ಎಡಗೈಲಿ ಉಣ್ಣೋನು ನಿಮ್ಮಪ್ಪ. ಮದ್ವೆ ಪಂಕ್ತೀಲೇ ಎಲೆಗೆ ಎಡಗೈ ಇಕ್ಬುಟ್ಟ. ನಮ್ಮಮ್ಮ ತಲೆ ಚಚ್ಕಂಡ್ಲು. ಯಾರ್ಗೂ ಏಳ್ಬ್ಯಾಡ ಅಂದ್ಲು, ಏಳಿಲ್ಲ."

ಇವರು ಕೈ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಕಾದರು.

ಕೋರಮಂಡಲಿನಲ್ಲಿ ಏಳುಮಲೈ ಅಂತ ಒಬ್ಬ ಮುದುಕ. ಇವರಿಂದ ಹಾಲು ಕೊಳ್ಳುವ ಮನೆಯಲ್ಲ. ಬಾಗಿಲಲ್ಲಿ ಕೂತು ಕಪ್ಪು ಟೀ ಕುಡಿಯುತ್ತಿದ್ದ. ಅವನೂ ಬರ್ಮಾದವನು ಎಂದು ಪಕ್ಕದ ಮನೆಯವರು ಹೇಳಿದ ಕೂಡಲೇ ಇವರು ಹಾಲು ಅಳೆಯಲು ಹೋದರು. ಮುದುಕ ಗದರಿದ.

"ವೇಣಾಂಪ್ಪಾ, ಬೇಡ. ಡಬ್ಬಾ ಹಾಲು ಕುಡ್ದು ಕುಡ್ದು ಅಲ್ಲೇ ಸಾಕಾಗೋಯ್ತು."

ಹಾಲು ಬೇಡ ಅಂದ ಮೊದಲ ಮಿಲಿಟ್ರಿಯವನು. ಇವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕೂತರು, ಅಪ್ಪನ ಹೆಸರು ಹೇಳಿದರು, ಹುಲಿಯಂಥವನಂತೆ ಎಂದೂ ಸೇರಿಸಿದರು.

"ಬೇತಮಂಗಲ ಕದಿರಪ್ಪನಾ? ಹುಲಿ ಎಲ್ಲಿಂದ ಬಂತಪ್ಪಾ. ನಾನು ಅವನು ಹೇಸರಗತ್ತೆ ಮೇಯ್ಸೋರು, ಬೆಟ್ಟದ ಮೇಲಕ್ಕೆ ಸಾಮಾನು ಹೊರ್ತಾವಲ್ಲ, ಅವು. ರಮ್ಮು ಮೂಸಿದ್ರೇ ವಾಂತಿ ಅವನಿಗೆ. ಅವನ ರಮ್ಮು ನಂಗೆ, ನನ್ನ ಬಿಸ್ಕತ್ತು ಅವನಿಗೆ. ಕಲ್ಲು ಬಿಸ್ಕತ್ತು. ಟೀಲಿ ಅದ್ದಿ ಅದ್ದಿ, ಇಂಗೆ ತಿನ್ನೋನು."

ಮುದುಕ ಅದ್ದಿ ತೋರಿಸಿದ. ಟೀ ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡು, ಎಡಗೈಯಲ್ಲಿ.

"ಹವಿಲ್ದಾರ ದಿನಾ ಬಯ್ಯೋನು, ಯಾವ ಕೈ ಅದು ಅಂತ."

ಇವರು ಉಳಿದ ಮನೆಗಳಿಗೆ ಹಾಲು ಹಾಕದೆ, ಮುದುಕನನ್ನು ಕ್ಯಾನುಗಳ ಮಧ್ಯೆ ಕೂರಿಸಿಕೊಂಡು ಬಂದುಬಿಟ್ಟರು. ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಕೇಳಿದರು.

"ಗುಂಡೇಟಾ?"

"ಜ್ವರಮ್ಮಾ. ಕತ್ತೆಗೆ ಮೇವಾಕಿದ್ಯಾ ಅಂತ ನನ್ನ ಕೇಳ್ತಾನೇ ಹೋದ."

"ಜ್ವರಾನಾ," ಅಂದರು ಅತ್ತೆ. "ನಾನು ಗುಂಡು ಅಂದ್ಕಂಡು ಇಷ್ಟೊರ್ಷ ನನ್ನೆದೆ ನೋಯಿಸ್ಕಂಡೆ." ಆಮೇಲೆ ನನ್ನ ಕಡೆ ತಿರುಗಿದರು. "ಇವರಿಗೆ ಟೀ ಇಡಮ್ಮ. ಹಾಲಾಕ್ಬ್ಯಾಡ."

ಆ ಅಮಾವಾಸ್ಯೆಗೆ ಎಡೆಯಲ್ಲಿ ಟೀ, ಬಿಸ್ಕತ್ತು. ಅತ್ತೆ ಎಲೆಯನ್ನೂ ತಿರುಗಿಸಿ ಹಾಕಿದರು, ತುದಿ ಬಲಕ್ಕೆ, ಎಡಗೈಯವನಿಗೆ ಅನುಕೂಲವಾಗಲಿ ಅಂತ. ಚಿಕ್ಕಮುನಿಯಪ್ಪ ಟೀ ಮುಟ್ಟಲಿಲ್ಲ.

"ಮಿಲಿಟ್ರಿ ಮಾನ ಕಳೆದ್ಬುಟ್ರಿ," ಅಂದ.

ಅತ್ತೆ ಮುಂದಿನ ಬೇಸಿಗೆಗೆ ಹೋದರು. ಇವರು ಹೋಗಿದ್ದು ಈ ತೊಂಬತ್ತಮೂರರ ಯುಗಾದಿ ಕಳೆದ ಮೇಲೆ. ಹಾಲು ಹಾಕಿ ಬಂದು ಜಗುಲಿ ಮೇಲೆ ಕೂತವರು ಏಳಲಿಲ್ಲ. ಅದರ ಬಗ್ಗೆ ಬರೆಯಲಾರೆ.

ಮೊನ್ನೆ ಅವರ ಮೊದಲ ಎಡೆ. ಚಿಕ್ಕಮುನಿಯಪ್ಪ ಹಿಂದಿನ ದಿನವೇ ಕೈಚೀಲ ಹಿಡಿದು ಬಂದ. ಚೀಲದೊಳಗೆ ಬಾಟ್ಲಿ ಸದ್ದು ಮಾಡಿತು.

"ಜಯರಾಮ ಒಂದೊಂದ್ಸಲ ನನ್ಜೊತೆ ತಗಂತಿದ್ದ ಕಣಮ್ಮ ರತ್ನ. ನಿಂಗೊತ್ತಿಲ್ಲ."

"ಯಾವ ಕೈಲಿ ಮಾವ?"

ಅವನು ಯೋಚನೆ ಮಾಡಿದ. "ಎಡಗೈಲಿ. ಅವರಪ್ಪನಂಗೇ."

ಇವರು ಕಡೇತನಕ ಬಲಗೈಯವರು. ನಾನು ನಕ್ಕುಬಿಟ್ಟೆ. ಅವರು ಹೋದ ಮೇಲೆ ಅದೇ ಮೊದಲು. ಚಿಕ್ಕಮುನಿಯಪ್ಪ ಚೀಲವನ್ನು ಬಾಗಿಲ ಹೊರಗೆ ಇಟ್ಟ.

ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಷ್ಟು ಹಾಲು ಮಾರಿದ ಮನುಷ್ಯ ಹಾಲು ಕುಡಿಯುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ತುಪ್ಪ ಕಾಯಿಸಿದ ಪಾತ್ರೆ. ತಳದಲ್ಲಿ ಕೆಂಪಗೆ ಗಸಿ ಉಳಿಯುತ್ತದಲ್ಲ, ಅದಕ್ಕೆ ರಾಗಿಹಿಟ್ಟು, ಬೆಲ್ಲ ಹಾಕಿ ಕೆರೆದು ತಿನ್ನುವರು, ನಾನು ಅಡುಗೆಮನೆಯಲ್ಲಿ ಇಲ್ಲದಾಗ. ಬೆಳಗ್ಗೆ ತುಪ್ಪ ಕಾಯಿಸಿದೆ. ಗಸಿಗೆ ಹಿಟ್ಟು, ಬೆಲ್ಲ ಹಾಕಿ ಪಾತ್ರೆ ಸಮೇತ ತಂದು ಎಲೆಯ ಬಲಕ್ಕೆ ಇಟ್ಟೆ. ಚಮಚವನ್ನೂ ಇಟ್ಟೆ.

ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಚಿಕ್ಕಮುನಿಯಪ್ಪ ಬಾಗಿಲಿಗೆ ಕಿವಿ ಕೊಟ್ಟ.

"ಏನೂ ಸದ್ದಿಲ್ವಲ್ಲಮ್ಮ."

"ಸದ್ದು ಮಾಡೋರಲ್ಲ ಮಾವ," ಅಂದೆ. "ಯಾವಾಗ್ಲೂ ನಂಗೆ ಕೇಳಿಸ್ದಂಗೇ ಕೆರೀತಿದ್ದಿದ್ದು."