ನನ್ನ ಪಟಕಾ ಹಿಡದ ವಸ್ತಾದ

ಮೊನ್ನೆ ನಡಾ ಹಿಡಕೊಂಡು ದವಾಖಾನಿಗಿ ಹೋಗಿದ್ದೆ. ಡಾಕ್ಟರ ಒಂದು ಅಗಲ ಪಟ್ಟಿ ಕಟ್ಟಕೋರಿ ಅಂದ. ಕಂಪೌಂಡರ ನನ್ನ ಹಿಂದ ನಿಂತು, ಹೊಟ್ಟಿಗಿ ಪಟ್ಟಿ ಸುತ್ತಿ, "ಉಸಿರು ಹಿಡೀರಿ ಅಜ್ಜಾರ" ಅಂತ ಜಗ್ಗಿದ. ನಾ ಗಪ್ಪನ ತಿರುಗಿ ಅವನ ಕೈ ಹಿಡದೆ.

"ಯಾಕ್ರೀ, ನೋವಾತೇನು?" ಅಂದ.

"ಇಲ್ಲೋ ತಮ್ಮಾ, ನಿನ್ನ ಕೈ ಏನ ಮಾಡ್ಲಿಕತ್ತಾವ ನೋಡಿದೆ" ಅಂದೆ.

ಮುದುಕಗ ತಲಿ ಕೆಟ್ಟದ ಅಂತ ತಿಳಕೊಂಡಿರಬೇಕು. ಅವನಿಗೇನ ಗೊತ್ತು... ಹಿಂಗೇ ನನ್ನ ಹಿಂದ ನಿಂತು ಜಗ್ಗಿದಾಂವ ಒಬ್ಬ ನನಗ ಏನ ಮಾಡ್ಯಾನ ಅಂತ.

ಆಳಂದದಾಗ ನಮ್ಮ ಓಣಿ ತಾಲೀಮಿನ, ಅಂದ್ರ ಗರಡಿಮನಿಯ, ವಸ್ತಾದ ಅವರು, ನನಗ ಕುಸ್ತಿ ಕಲಿಸಿದ ಗುರು. ಕಟ್ಟಿಗಿ ಹಂಗ ಒಣಾ ಮನಷ್ಯಾ, ಕೈ ಮಾತ್ರ ಕಂಬಾರನ ಇಕ್ಕಳ. ನಾ ಹರೇದಾಗ ಅವರ ಕೈಯಾಗೇ ತಯಾರಾದೆ. ತಾಲೀಮಿನ ಮೂಲ್ಯಾಗ ಒಂದು ಕರೀ ಗುಂಡಕಲ್ಲು ಇತ್ತು. ಅದನ್ನ ಎತ್ತಿ, ಎದಿಗಿ ತಂದು, ಹೆಗಲ ಮ್ಯಾಲಿಂದ ಹಿಂದ ಒಗಿಬೇಕು. ನಾ ಒಗೀತಿದ್ದೆ. ಇದು ಬಡಾಯಿ ಅಲ್ಲ, ಬಡಾಯಿ ಮುಂದ ಬರ್ತದ, ತಡೀರಿ.

ಒಂದು ಸಲ ಅಫಜಲಪುರದ ಪೈಲವಾನ ಒಬ್ಬ ಮೀಸಿ ತಿರುವಕೋತ ಬಂದ. ನಾ ಒಂದು ಕುಂಬಳಕಾಯಿಗಿ ಮಸಿ ಬಳದು ಗುಂಡಿನ ಜಾಗಾದಾಗ ಇಟ್ಟೆ. ಅಂವ ಒಳಗ ಬರೂಮುಂದ ಒಂದೇ ಕೈಲೆ ಎತ್ತಿ, ಇನ್ನೊಂದು ಕೈಲೆ ಚಾಹಾ ಕುಡಕೋತ ನಿಂತೆ. ಮುಂಡಾಸ ಮರತು ಓಡಿದ ಮಗಾ! ವಸ್ತಾದ ಮಣ್ಣಾಗ ಬಿದ್ದು ಹೊರಳಾಡಿ ನಕ್ಕರು. "ಲೇ ಮಗನ, ನಿನ್ನ ಮೀರಸೂ ಅಂತಾ ಕಳ್ಳ ಇನ್ನೂ ಹುಟ್ಟಿಲ್ಲ" ಅಂದ್ರು. ಹಂಗ ಅಂದಾವರೇ...

ಆಮ್ಯಾಲ ಲಗ್ನ ಆತು, ಮಕ್ಕಳಾದ್ವು. ಸೊಲ್ಲಾಪುರ ಮಿಲ್ಲಿನ ಧೋತರ, ಸೀರಿ, ಪಟಕಾ ಅಂತಾ ಅರಬಿ ಗಂಟು ಕಟ್ಟಿ ತಟ್ಟುಗುದರಿ ಮ್ಯಾಲ ಹೇರಕೊಂಡು ಆಳಂದ, ಅಫಜಲಪುರ, ಜೇವರಗಿ ಸಂತಿ ತಿರಗಲಿಕ್ಕಿ ಹತ್ತಿದೆ. ತಾಲೀಮು ಬಿಟ್ಟು ವರ್ಷಗಟ್ಟಲೆ ಆತು. ಹೊಟ್ಟಿ ಬಂತು. ನಿಜಾಮರ ಆಳಿಕಿಯ ಕಡೀ ಕಾಲ ಅದು, ನನಗ ನಲವತ್ತು ದಾಟಿತ್ತು. ಮಗಳನ್ನ ಜೇವರಗಿಗಿ ಕೊಟ್ಟೆವು.

ಲಗ್ನದ ಪಂಕ್ತಿಯೊಳಗ ನಾ ಸುಮ್ನ ಇರಬೇಕಿಲ್ಲೋ? ಹಳೇ ಗುಂಡಿನ ಕತಿ ತಗದೆ. ಬೀಗರು ನನ್ನ ಹೊಟ್ಟಿ ನೋಡಿ, "ಗುಂಡು ಒಗದೆ ಅಂತೀರಿ, ನುಂಗಿದಂಗ ಕಾಣಸ್ತದಲ್ರಿ ಬೀಗರ?" ಅಂದ್ರು. ಪಂಕ್ತಿಗೆ ಪಂಕ್ತಿನೇ ನಕ್ತು. ಮದಿಮಗಳು, ನನ್ನ ಮಗಳು, ತಲಿ ಕೆಳಗ ಹಾಕಿದ್ಲು.

ನನಗ ಉರದು ಹೋತು. "ನಾಗರ ಪಂಚಮಿಗಿ ಬರ್ತೇನಿ. ನಿಮ್ಮೂರ ತಾಲೀಮಿನ ಗುಂಡು ಎತ್ತಿ ಒಗೀತೇನಿ. ಒಗೀಲಿಲ್ಲ ಅಂದ್ರ ನಿಮ್ಮ ಮನ್ಯಾಗ ಒಂದು ತುತ್ತು ಉಣ್ಣಂಗಿಲ್ಲ, ಸಾಯೂತನ" ಅಂದೆ.

"ಗುಂಡು ತೊಳದು ಇಡತೇವ್ರಿ" ಅಂದ್ರು ಬೀಗರು.

ಮರುದಿನಾನೇ ವಸ್ತಾದರ ಮುಂದ ಹೋಗಿ ನಿಂತೆ. ತಾಲೀಮು ಖಾಲಿ. ಹುಡುಗರೆಲ್ಲ ಮಿಲ್ಲಿಗಿ ದುಡೀಲಿಕ್ಕಿ ಹೋಗ್ಯಾರ. ಮಜ್ಜಿಗಿ, ಅರಿಶಿಣ, ಎಣ್ಣಿ ಕಲಸಿದ ಕೆಂಪ ಮಣ್ಣಿನ ವಾಸನಿ ಮಾತ್ರ ಹಂಗೇ ಇತ್ತು. ವಸ್ತಾದ ಒಬ್ಬರೇ ಕೂತು ಯಾರೂ ಆಡದ ಮಣ್ಣು ಕೆದರಲಿಕತ್ತಿದ್ರು. ನನ್ನ ನೋಡಿ ಕಣ್ಣು ಅಗಲ ಆದ್ವು. ನಾ ಗುಂಡಿಗಿ ಕೈ ಹಾಕಿದೆ. ಮಿಸುಕಲಿಲ್ಲ.

"ನಾಳಿಗಿ ಹೊಟ್ಟಿ ಮನ್ಯಾಗ ಇಟ್ಟು ಬಾ" ಅಂದ್ರು.

ಮರುದಿನ ಅವರೇ ಉಪಾಯ ಹೇಳಿದ್ರು. "ಈ ವಯಸ್ಸಿನಾಗ ಹೊಕ್ಕಳ ಸರೀತದ, ನಡಾ ಹಿಡೀತದ. ತಲಿಗಿ ಸುತ್ತೂ ಪಟಕಾ ನಡಕ್ಕ ಕಟ್ಟಿ ಹಿಂದ ಹಿಡದು ನಿಂದ್ರತೇನಿ." ನನ್ನ ಗಂಟಿನಾಗಿಂದೇ ಒಂದು ಗಟ್ಟಿ ಕೆಂಪ ಪಟಕಾ ತಂದೆ. ಅದನ್ನ ನನ್ನ ಹೊಟ್ಟಿಗಿ ಸುತ್ತಿ, ಎರಡೂ ತುದಿ ಮುಷ್ಟಿಯೊಳಗ ಹಿಡದು ಹಿಂದ ನಿಂತ್ರು. ನಾ ಕುಕ್ಕರಗಾಲಿಲೆ ಕೂತು ಎದ್ದೆ. ಗುಂಡು ನೆಲಾ ಬಿಡ್ತು!

ಮುಂದ ಕೇಳ್ತೀರೇನು? ಮೊದಲ ಮೊಣಕಾಲಿಗಿ ಬಂತು, ಆಮ್ಯಾಲ ತೊಡಿಗಿ, ಆಮ್ಯಾಲ ಎದಿಗಿ. ದಿನಾ ಮೈಯೆಲ್ಲ ಹುಣ್ಣು. ಹೆಣ್ತಿ ಎಣ್ಣಿ ತಿಕ್ಕಿ ತಿಕ್ಕಿ, "ಬೀಗರ ಮ್ಯಾಲಿನ ಸಿಟ್ಟಿಗಿ ನನ್ನ ಎಣ್ಣಿ ಡಬ್ಬಿ ಖಾಲಿ ಆತು" ಅಂತಿದ್ಲು. ಆದ್ರ ನನಗ ಹರೇ ಬಂದಂಗ ಆಗಿತ್ತು. ಮೂರೂ ಸಂತ್ಯಾಗ ಅರಬಿ ಅಳೀಕೋತ ತೋಳು ತೋರಸ್ತಿದ್ದೆ. ಹಾದ್ಯಾಗ ನಿಂಬರ್ಗಾ ಹಳ್ಳ್ಯಾಗ ಒಬ್ಬಾಕಿ ಮುದುಕಿ, "ಅರಬಿ ತೋರಸಪ್ಪಾ, ತೋಳ ತಗೊಂಡು ನಾ ಏನ ಮಾಡ್ಲಿ?" ಅಂದಳು.

ಒಂದೇ ಒಂದು ಸಂಗತಿ ನನಗ ಸಂಶೇ ಬರಬೇಕಿತ್ತು. ಗುಂಡು ಎತ್ತಾಂವ ನಾನು, ತೇಕ ಹತ್ತೋದು ಅವರಿಗಿ.

"ವಸ್ತಾದ, ಎತ್ತಾಂವ ನಾ, ನಿಮಗ್ಯಾಕ್ರಿ ಏದುಸಿರು?" ಅಂದ್ರ, "ವಯಸ್ಸಾತಲೇ" ಅಂತಿದ್ರು.

ಪಂಚಮಿಗಿ ಇಬ್ಬರೂ ಚಕ್ಕಡಿ ಹೂಡಕೊಂಡು ಹ್ವಾದೆವು. ಭೀಮಾ ತುಂಬಿತ್ತು, ಚಕ್ಕಡಿ ಈಚೀ ದಂಡಿಗಿ ಬಿಟ್ಟು ಹರಗೋಲಿನಾಗ ದಾಟಿದೆವು. ಜೇವರಗಿ ತಾಲೀಮಿನ ಮುಂದ ಮಂದಿನೇ ಮಂದಿ. ಬೀಗರು ಖರೇನೇ ಗುಂಡು ತೊಳದು, ಹೂವ ಇಟ್ಟಿದ್ರು. ಮಗಳು ಉಂಡಿ ಕಟ್ಟಿ ಬಾಗಲಾಗ ಹಾದಿ ನೋಡಾಕತ್ತಾಳ ಅಂತ ಯಾರೋ ಹೇಳಿದ್ರು.

ಅಲ್ಲಿ ಒಂದು ರಿವಾಜ ಇತ್ತು. ಹೊರಗಿನಾಂವ ಎತ್ತೂಮೊದಲ ಅವನ ವಸ್ತಾದ ಗುಂಡಿನ ಮ್ಯಾಲ ಕೈ ಇಟ್ಟು, "ಇಂವ ಒಬ್ಬನೇ ಎತ್ತತಾನ" ಅಂತ ಮಾತು ಕೊಡಬೇಕು. ಹಿಂದೊಮ್ಮಿ ಯಾರೋ ಹುಂಬ ಎತ್ತಲಿಕ್ಕಿ ಹೋಗಿ, ಗುಂಡು ಎದಿ ಮ್ಯಾಲ ಬಿದ್ದು ಸತ್ತಿದ್ನಂತ. ವಸ್ತಾದ ಪಟಕಾ ಬಿಚ್ಚಿ ನನ್ನ ನಡಕ್ಕ ಸುತ್ತಲಿಕ್ಕಿ ಬಂದ್ರು. ಪಂಚರು, "ಪಟಕಾ ನಡಿಯಂಗಿಲ್ರಿ. ಮಾತು ಕೊಡ್ರಿ" ಅಂದ್ರು.

ವಸ್ತಾದ ಗುಂಡಿನ ಮ್ಯಾಲ ಕೈ ಇಟ್ಟರು. ನಾ ಲಂಗೋಟ ಬಿಗದು, ಅಂಗೈಗಿ ಮಣ್ಣು ಹಚಗೊಂಡು ಕಾಯಾಕತ್ತೇನಿ. ಕೈ ತಗದ್ರು.

"ಇಂವ ಎತ್ತಂಗಿಲ್ಲ. ಇಷ್ಟು ದಿನ ಹಿಂದಿಂದ ಜಗ್ಗಿ ಜಗ್ಗಿ ಎತ್ತಿದಾಂವ ನಾ" ಅಂದ್ರು.

ನಗಿ ಹೆಂಗ ಬಂತು ಅಂತೀರಿ... ಬೀಗರು ಮಾತ್ರ ನಗಲಿಲ್ಲ. ಅವರು ನಕ್ಕಿದ್ರ ಬದುಕತಿದ್ದೆ. "ಒಂದೇ ಸಲ ಕೈ ಹಚ್ಚಲಿಕ್ಕಿ ಬಿಡ್ರಿ" ಅಂತ ಪಂಚರಿಗಿ ಬೇಡಕೊಂಡೆ. ವಸ್ತಾದನ ಮಾತಿಲ್ಲದ ಮುಟ್ಟಂಗಿಲ್ಲ ಅಂದ್ರು. ಆ ಗುಂಡು ನಾ ಮುಟ್ಟಲೇ ಇಲ್ಲ ನೋಡ್ರಿ.

ಹೊಳಿ ದಾಟೂಮುಂದ ಹರಗೋಲಿನಾಗ ಕೇಳಿದೆ, "ಯಾಕ ಮಾಡಿದ್ರಿ?"

"ಮೊದಲನೇ ದಿನ ಖರೇ ಹೇಳಿದ್ರ ಎರಡನೇ ದಿನ ಬರ್ತಿದ್ದೇನು ನೀ? ತಾಲೀಮಿಗಿ ಈಗ ಯಾರು ಬರ್ತಾರಲೇ... ಅಲ್ಲೂ ಪಟಕಾ ಹಿಡೀಲಿಕ್ಕಿ ಬಿಡತಾರ ಅಂತ ತಿಳದಿದ್ದೆ."

"ಹಂಗಾರ ಸುಳ್ಳೇ ಹೇಳಬೇಕಿತ್ತು. ಬಿದ್ರ ನಾ ಬೀಳತಿದ್ದೆ!"

"ಕೈ ಗುಂಡಿನ ಮ್ಯಾಲಿತ್ತು ಮಗನ" ಅಂದ್ರು.

ನನಗ ಸುಳ್ಳು ಹೇಳೂಮುಂದ ಆ ಕೈ ನನ್ನ ಬೆನ್ನ ಮ್ಯಾಲಿತ್ತಲ್ಲ! ಕಲ್ಲಿಗಿರೂ ಮರ್ಯಾದಿ ನನಗಿಲ್ಲೇನು? ಬಾಯಿಗಿ ಬಂದಿತ್ತು, ಅನ್ನಲಿಲ್ಲ. ಚೌಡಾಪುರದಾಗ ಚಕ್ಕಡಿ ಇಳದು ನಡಕೋತ ಹ್ವಾದೆ. ಹಿಂದಿಂದ ಎರಡು ಸಲ ಕರದ್ರು.

ತಾಲೀಮಿನ ಹೊಸ್ತಿಲಾ ಮತ್ತ ತುಳೀಲಿಲ್ಲ. ಜೇವರಗಿ ಸಂತಿಗಿ ಹೋದಾಗ ಮಗಳು ಬುತ್ತಿ ಕಟಗೊಂಡು ಬಜಾರಕ್ಕ ಬರ್ತಿದ್ಲು, ಅರಬಿ ಗಂಟಿನ ಮ್ಯಾಲ ಕೂತು ಉಣ್ಣತಿದ್ದೆ. "ಮನಿಗಿ ಬಾ ಯಪ್ಪಾ" ಅಂತ ಅವಳು ಅನ್ನೋದು, ನಾ ಇಲ್ಲದ ಜೋಕು ಹೇಳಿ ನಗಸೋದು. ವಸ್ತಾದ ಹೇಳಿ ಕಳಸ್ತಿದ್ರು ಬಾ ಅಂತ. ಅಫಜಲಪುರ ಸಂತ್ಯಾಗ ಯಾರೋ ಅವರು ತೀರಿಕೊಂಡ ಸುದ್ದಿ ಹೇಳಿದಾಗ ಅರಬಿ ಅಳೀಲಿಕತ್ತಿದ್ದೆ. ಅಳದಿದ್ದನ್ನೇ ಮತ್ತ ಅಳದೆ...

ಸಿಟ್ಟು ಈಗೂ ಅದ, ಸುಳ್ಳ್ಯಾಕ ಹೇಳ್ಲಿ. ಆದ್ರ ಒಂದು ಮಾತು ಕೇಳೋದೇ ಉಳೀತು. ಆ ಕಡೀ ಕಡೀ ದಿನದಾಗ, ಗುಂಡು ಎದಿಗಿ ಬರೂಮುಂದ, ಅದರಾಗ ನನ್ನ ಬಲಾ ಎಷ್ಟಿತ್ತು, ಅವರದೆಷ್ಟು? ಅರ್ಧಾರ ನಂದಿತ್ತೋ? ಗೊತ್ತಿದ್ದದ್ದು ಆ ಎರಡು ಮುಷ್ಟಿಗಿ ಅಷ್ಟೇ.

ಮೊಮ್ಮಕ್ಕಳ ಮುಂದ ಈಗೂ ಹೇಳ್ತೇನಿ, ಅವತ್ತು ಬಿಟ್ಟಿದ್ರ ಆ ಗುಂಡು ಎತ್ತಿ ಭೀಮಾದಾಗ ಒಗೀತಿದ್ದೆ ಅಂತ. ಹೌದೌದು ಅಂತಾವ. ಅಲ್ಲ ಅನ್ನಲಿಕ್ಕಿ ಒಬ್ಬರೇ ಇದ್ರು... ಅವರೂ ಇಲ್ಲ.