ಪರ್ಸಿ ಮೇಲಿನ ನಿದ್ದೆ

ಮೊನ್ನೆ ಮಧ್ಯಾಹ್ನ ಸೇಡಂನ ನಮ್ಮ ಕಚೇರಿಯಲ್ಲಿ ಜವಾನ ರೆಕಾರ್ಡ್ ರೂಮಿನ ನೆಲಕ್ಕೆ ನೀರು ಚಿಮುಕಿಸಿದ. ಒದ್ದೆ ಶಹಾಬಾದ್ ಪರ್ಸಿ ಕಲ್ಲು, ಹಳೇ ಕಡತಗಳ ಧೂಳು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದಳು.

ಇಪ್ಪತ್ತು ವರ್ಷದ ಹಿಂದೆ ನಾನು ಚಿತ್ತಾಪುರದಲ್ಲಿ ಕೆಲಸಕ್ಕೆ ಸೇರಿದಾಗ ಅವಳು ಅಲ್ಲಿಯ ಹಿರಿಯ ಗುಮಾಸ್ತೆ; ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಇಡೀ ಕಚೇರಿಗೆ ಹೆಂಗಸರು ನಾವಿಬ್ಬರೇ. ಟಿಪ್ಪಣಿ ತಪ್ಪಿದರೆ ಎಲ್ಲರ ಮುಂದೆ ಬೈದು, ಆಮೇಲೆ ತನ್ನ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ನನ್ನ ಮುಂದೆ ತಳ್ಳುವವಳು.

ಆ ವರ್ಷ ಅವಳಿಗೆ ಬಡ್ತಿ ಬರುವುದಿತ್ತು. ಅದೇ ವರ್ಷ, ಬರೆಯುತ್ತ ಕೂತವಳು ಇದ್ದಕ್ಕಿದ್ದಂತೆ ಬೆವರಿ ತೊಯ್ದು ಹೋಗುತ್ತಿದ್ದಳು. ಎದ್ದು ರೆಕಾರ್ಡ್ ರೂಮಿಗೆ ಹೋಗಿ ಬರೀ ಪರ್ಸಿ ಮೇಲೆ ಬೆನ್ನು ಚಾಚುತ್ತಿದ್ದಳು. ಹತ್ತೇ ನಿಮಿಷ. ನಾನು ಬಾಗಿಲು ಕಾಯುತ್ತಿದ್ದೆ.

“ಮುಟ್ಟು ನಿಲ್ಲೋ ಟೈಮದ ತಂಗಿ. ಮೈಯಾಗ ಬೆಂಕಿ ಹೊತ್ತಿದಂಗ ಆಗ್ಲಿಕತ್ತದ. ಗಂಡಸ್ರ ಮುಂದ ಬಾಯಿ ಬಿಡಬ್ಯಾಡ, ನನ್ನ ಆಣಿ ಅದ.”

ಒಂದು ದಿನ ನಾನು ಬಾಗಿಲಲ್ಲಿ ಇರಲಿಲ್ಲ. ಕಡತ ಹುಡುಕುತ್ತ ಸಾಹೇಬರು ಒಳಗೆ ಹೋದರು. ಕರ್ತವ್ಯದ ವೇಳೆಯಲ್ಲಿ ನಿದ್ದೆ ಎಂದು ಕಾಗದ ತಯಾರಾಯಿತು. ಸಾಕ್ಷಿಗೆ ನನ್ನನ್ನು ಕರೆದರು.

“ದಿನಾ ಹೋಗಿ ಮಕ್ಕೊಂತಾಳ, ಹೌದಿಲ್ಲೋ?”

ನಾಲ್ವರು ಗಂಡಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕ ನೆಲ ನೋಡುತ್ತಿದ್ದಳು. ನಿದ್ದೆಯಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ನಾನು ಸಹಿ ಹಾಕಿದೆ.

ಬಡ್ತಿ ಹೋಯಿತು. ಚಿಂಚೋಳಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಕೈ ಹಿಡಿದು, “ನಿದ್ದಿ ಅಂತ ಬರಕೊಂಡ್ರು, ಬರಕೊಳ್ಳಿ ಬಿಡು. ಆ ಮಾತು ಹೊರಗ ಬರ್ಲಿಲ್ಲಲ್ಲ, ಭಾಳ ಛಲೋ ಮಾಡ್ದಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಆಣೆ ಉಳಿಸಿದೆನೋ, ನನ್ನ ನೌಕರಿ ಉಳಿಸಿಕೊಂಡೆನೋ... ಇವತ್ತಿಗೂ ನಾಚಿಕೆಯಾಗುತ್ತದೆ. ಎರಡು ವರ್ಷಕ್ಕೆ ಅಕ್ಕ ಕೆಲಸ ಬಿಟ್ಟಳು. ಹೋದ ವರ್ಷ ತೀರಿಕೊಂಡಳೆಂದು ಯಾರೋ ಹೇಳಿದರು.

ಈಗ ನನಗೂ ನಲವತ್ತೆಂಟು. ಮೊನ್ನೆ ಆ ವಾಸನೆಯ ಹಿಂದೆ ಒಳಗೆ ಹೋದವಳು ಒದ್ದೆ ಪರ್ಸಿ ಮೇಲೆ ಹಾಗೇ ಮಲಗಿಬಿಟ್ಟೆ. ಮೈಯ ಉರಿ ಸ್ವಲ್ಪ ಇಳಿಯಿತು. ಕಣ್ಣು ತೆರೆದಾಗ ಬಾಗಿಲಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ನಿಂತಿದ್ದಳು.

“ಯಾಕ್ರೀ ಮೇಡಂ, ಏನಾಗ್ಲಿಕತ್ತದ್ರಿ?”

ಅವಳೊಬ್ಬಳೇ ಇದ್ದಳು. ಗಂಡಸರು ಯಾರೂ ಇರಲಿಲ್ಲ. ಹೇಳಬಹುದಿತ್ತು.

“ಏನಿಲ್ಲವ್ವ... ನಿದ್ದಿ ಹತ್ತಿತ್ತು” ಎಂದೆ.