ಬಾವಿಯೊಳಗಿನ ಹಸಿರು ಹರಳು

ಆಗ ಕವಿತಾಳದ ಕಡೆ ಬಾವಿ ತೋಡುವುದೆಂದರೆ ಬಂಡೆಯೊಂದಿಗೆ ಬಡಿದಾಡುವುದೇ ಆಗಿತ್ತು. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ಮದ್ದು ಹಾರಿಸುವ ನನ್ನ ಸೋದರಮಾವ ಹನುಮಂತ, ಕಲ್ಲು ಹೊರುವ ಅವ್ವ ಮತ್ತು ಅವಳ ಜೊತೆಯವರು, ನಾನು, ಹಿಟ್ಟಿನ ಗಿರಣಿಯವರ ಮಗಳು ರಜಿಯಾ, ಇಷ್ಟು ಜನ ದಿನವೂ ಬಾವಿಯ ದಂಡೆಯಲ್ಲೇ ಇರುತ್ತಿದ್ದೆವು.

ನೀರಿನ ಚಿಂತೆ ಹುಡುಗಿಯರಾದ ನಮ್ಮಿಬ್ಬರಿಗೆ ಇರಲಿಲ್ಲ. ಬಂಡೆ ಸೀಳಿದರೆ ಬಿಳಿಗಲ್ಲಿನ ಸಂದಿಯಲ್ಲಿ ಹಸಿರು ಹರಳು ಸಿಗುತ್ತಿದ್ದವು. ಎಳೆ ಬೆಂಡೆಕಾಯಿಯಂತೆ ಗೆರೆಗೆರೆ, ಬಿಸಿಲಿಗೆ ಹಿಡಿದರೆ ಒಳಗೆಲ್ಲ ಬೆಳಕು. ಮೊದಲು ಇಳಿದವರಿಗೆ ದೊಡ್ಡವು. ಅದಕ್ಕಾಗಿ ಉಗುರು, ಹಲ್ಲು, ಕಲ್ಲು ಎಲ್ಲ ಬಳಸಿದ್ದೇವೆ. ರಜಿಯಾ ಕಚ್ಚಿದ ಗುರುತು ನನ್ನ ಮುಂಗೈ ಮೇಲೆ ಇನ್ನೂ ಇದೆ.

ಇಳಿಯಲು ಒಂದು ಕಟ್ಟಳೆಯಿತ್ತು. ಬಂಡೆಯಲ್ಲಿ ಕೊರೆದ ಎಷ್ಟು ಕುಳಿಗೆ ಮದ್ದು ತುಂಬಿದೆಯೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಆ ದಿನ ಯಾರೂ ಇಳಿಯುವಂತಿಲ್ಲ. ಮದ್ದಿನ ಸದ್ದಿಗೆ ಮಾವನ ಕಿವಿ ಮಂದವಾಗಿತ್ತು. ಅವ್ವನೂ ಉಳಿದವರೂ ದಾರಿಹೋಕರನ್ನು ತಡೆಯಲು ದೂರ ಹೋಗಿ ನಿಲ್ಲುತ್ತಿದ್ದರು. ಎಣಿಸುವವಳು ನಾನು.

ಅಂದು ಏಳು ಕುಳಿ. ಬೇವಿನ ಮರದ ಮರೆಯಲ್ಲಿ ರಜಿಯಾಳ ಜಡೆ ನನ್ನ ಮುಷ್ಟಿಯಲ್ಲಿತ್ತು, ಹಿಂದಿನ ದಿನದ ಹರಳು ಅವಳ ಮುಷ್ಟಿಯಲ್ಲಿ. ಸದ್ದು ಕೇಳಿಸಿದವು. ನಾನು ಎಣಿಸಲಿಲ್ಲ.

“ಎಷ್ಟ್ ಆದ್ವು ಯವ್ವಾ?” ಮಾವ ಕೇಳಿದ.

ಗೊತ್ತಿಲ್ಲ ಎಂದರೆ ಅಂದು ಹರಳಿಲ್ಲ. “ಏಳು,” ಎಂದೆ.

“ಆರ ಆಗ್ಯಾವ, ಮಾಮು. ನಾ ಎಣಿಸೀನಿ,” ಎಂದಳು ರಜಿಯಾ.

“ಅಕಿ ಹಗಲಂದ್ರ ನೀ ರಾತ್ರಿ ಅಂತಿ. ಮೊದ್ಲ ಜಡಿ ಕಟ್ಕೋ, ದೆವ್ವ ಆದಂಗ ಆಗೀದಿ,” ಎಂದು ನಗುತ್ತ ಮಾವ ಹಾರೆ ಹಿಡಿದು ಇಳಿದ. ನಾನೂ ಹಿಂದೆಯೇ ಎರಡು ಮೆಟ್ಟಿಲು ಇಳಿದೆ. ರಜಿಯಾ ಲಂಗ ಹಿಡಿದು ಎಳೆದಳು. ಕಾಲಿನಿಂದ ಅವಳ ಕೈಗೆ ಒದ್ದೆ. ಅವಳು ಬಿಡಲಿಲ್ಲ.

ಏಳನೆಯದು ಆಗ ಹಾರಿತು.

ಕಲ್ಲು ಆಕಾಶಕ್ಕೆ ಹೋಗಿ ನಮ್ಮ ಮೇಲೆ ಬಿದ್ದವು. ಸುಟ್ಟ ಮದ್ದಿನ ವಾಸನೆಗೆ ಉಸಿರು ಕಟ್ಟಿತು. ಮಾವನನ್ನು ಮೇಲೆ ತಂದಾಗ ಬಲಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಕೆನ್ನೆಯಲ್ಲಿ ನೆಟ್ಟ ಚೂರುಗಳಲ್ಲಿ ಒಂದೆರಡು ಹಸಿರಾಗಿದ್ದವು.

ಭತ್ತದ ಲಾರಿಯಲ್ಲಿ ಅವನನ್ನು ರಾಯಚೂರಿಗೆ ಒಯ್ದರು. “ಇವತ್ತ ಎಣಿಸಿದಾಕಿ ಯಾರು, ಹೇಳ್ರಿ,” ಎಂದು ಅವ್ವ ಇಬ್ಬರನ್ನೂ ಕಸಬರಿಗೆ ಮುರಿಯುವ ತನಕ ಬಡಿದಳು. ನಾನು ಬಾಯಿ ಬಿಡಲಿಲ್ಲ. ರಜಿಯಾಳೂ ಬಿಡಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ಮಾವ ಅಂದ: “ಎಣಿಕಿ ನಂದ ತಪ್ಪಿತು, ಅಕ್ಕಾ. ಕೂಸುಗೋಳ್ನ ಬಿಡು.”

ಈಗ ಅಲ್ಲೆಲ್ಲ ಕೊಳವೆಬಾವಿಗಳು. ಆ ಬಾವಿಗೆ ಮಣ್ಣು ಹಾಕಿದ್ದಾರೆ. ಡಬ್ಬಿಯಲ್ಲಿ ಕೂಡಿಟ್ಟಿದ್ದ ಹರಳುಗಳನ್ನು ನಾನೇ ಎಂದೋ ಎಸೆದೆ. ಮಾವ ನನ್ನ ಮಾತು ನಂಬಿ ಬಾವಿಗಿಳಿದ ಹಾಗೆ ಆಮೇಲೆ ಯಾರೂ ನನ್ನನ್ನು ನಂಬಿಲ್ಲ.

ಮಾವನ ಕೈ ಹೋದ ಮರುಬೇಸಿಗೆ ಅದೇ ಬಾವಿಯ ಕೆಲಸ ಮತ್ತೆ ಶುರುವಾಗಿತ್ತು. ಮದ್ದು ತುಂಬಲು ಬೇರೆಯವರು ಬಂದರು. ಮಾವ ದಂಡೆಯ ಮೇಲೆ ಕೂತ. ಬತ್ತಿ ಹಚ್ಚುವ ಮುನ್ನ ಎಡಗೈ ಎತ್ತಿ ರಜಿಯಾಳನ್ನು ಕರೆದ, ಪಕ್ಕಕ್ಕೆ ಕೂರಿಸಿಕೊಂಡ.

“ನೀ ಎಣಸವ್ವಾ,” ಎಂದ.